ಎರವಲು ಮೂಗು

ನಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎಂದು ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಕದ್ದು ಅವಳ ಮೂಗು ನೋಡುತ್ತಿದ್ದರು. ಅದು ಪುಟ್ಟದು, ತುದಿಯಲ್ಲಿ ಸ್ವಲ್ಪ ಚಪ್ಪಟೆ, ಹೇಳಿಕೊಳ್ಳುವಂಥದ್ದೇನಲ್ಲ. ವಾರ ಕಳೆಯುವಷ್ಟರಲ್ಲಿ ಆ ಹೆಸರು ಯಾಕೆಂದು ಅವರಿಗೆ ತಿಳಿಯುತ್ತಿತ್ತು. ಕೈಯಲ್ಲಿ ಮಾಡುವ ಬಿಸ್ಕತ್ತಿನ ವಿಭಾಗದಲ್ಲಿ ನಾಲ್ಕು ಹಳೆಯ ಓವನ್‌ಗಳಿದ್ದವು, ನಾಲ್ಕಕ್ಕೂ ಒಂದೊಂದು ಬುದ್ಧಿ. ಮೂಗಿನಕ್ಕ ಅವುಗಳಿಗೆ ಬೆನ್ನು ಹಾಕಿ ಹಿಟ್ಟು ಲಟ್ಟಿಸುತ್ತಿರುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ, "ಮೂರನೇದು ತೆಗೀರಿ," ಎನ್ನುತ್ತಿದ್ದಳು. ತೆಗೆದರೆ ಟ್ರೇ ಹೊಂಬಣ್ಣಕ್ಕೆ ಬಂದಿರುತ್ತಿತ್ತು. ಮೇಸ್ತ್ರಿ ಒಂದು ಸಲ ಗೋಡೆಗೆ ದೊಡ್ಡ ಗಡಿಯಾರ ಹಾಕಿಸಿದಾಗ, "ಇದು ಯಾರಿಗೆ? ಹಿಟ್ಟಿಗೆ ಗಂಟೆ ನೋಡೋಕೆ ಬರುತ್ತಾ?" ಎಂದು ಕೇಳಿದ್ದಳು.

ಅವಳು ತೀರಿಕೊಂಡ ಮೇಲೆ, ಸೂಚನಾ ಫಲಕಕ್ಕೆ ಹಾಕಲು ಅವಳ ಬಗ್ಗೆ ಒಂದು ಪುಟ ಬರೆದುಕೊಡು ಎಂದು ಮೇಸ್ತ್ರಿ ನನ್ನನ್ನೇ ಕೇಳಿದರು. ಊಟದ ಬಿಡುವಿನಲ್ಲಿ ಪುಸ್ತಕ ಹಿಡಿದು ಕೂರುವವಳು ನಾನೊಬ್ಬಳೇ. ಮೂಗಿನಕ್ಕ ನನ್ನನ್ನು ಕರೆಯುತ್ತಿದ್ದದ್ದೇ ಹುಳು ಎಂದು, ಪುಸ್ತಕದ ಹುಳು. ಬರೆದುಕೊಟ್ಟೆ. ಮೂವತ್ತೊಂದು ವರ್ಷದ ಕೆಲಸ, ಶ್ರದ್ಧೆ, ನಗುಮುಖ. ಅದರಲ್ಲಿ ಸುಳ್ಳೇನೂ ಇಲ್ಲ. ಅದರಲ್ಲಿ ನಾನು ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಅವಳಿಗೆ ಒಂದು ಕೆಟ್ಟ ಜ್ವರ ಬಂದಿತ್ತು. ಎರಡು ವಾರ ಮಲಗಿ ಎದ್ದು ಕೆಲಸಕ್ಕೆ ಬಂದ ದಿನ, ನಾವಿಬ್ಬರೂ ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದೆವು. ಅವಳು ಸೋಪನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಸೋಪಿಗೆ ಈಗೀಗ ವಾಸನೇನೇ ಇಲ್ಲ ಅಲ್ವಾ?" ಎಂದಳು.

"ಇದೆಯಲ್ಲ, ಅದೇ ನಿಂಬೆಹಣ್ಣು. ಮೂಗಿಗೆ ಹೊಡೀತಿದೆ."

ಅವಳು ಕೈ ಒರೆಸಿಕೊಳ್ಳದೆ ಒಳಗೆ ಹೋದಳು. ಆ ಮಧ್ಯಾಹ್ನ ಎರಡನೇ ಓವನ್‌ನ ಟ್ರೇ ಕರಕಲಾಯಿತು. ಹೊಗೆ ಅವಳ ಭುಜದ ಮೇಲಿಂದ ಹಾದುಹೋಗುತ್ತಿದ್ದರೂ ಅವಳು ಲಟ್ಟಿಸುತ್ತಲೇ ಇದ್ದಳು. ಪ್ಯಾಕಿಂಗ್ ಮೇಜಿನಿಂದ ನಾನು ಓಡಿ ಬಂದು ಬಾಗಿಲು ತೆಗೆದೆ. ಮೇಸ್ತ್ರಿ ಬಂದು ನೋಡಿ, ಓವನ್‌ಗೆ ವಯಸ್ಸಾಯಿತು ಎಂದರು. "ಓವನ್‌ಗಾ?" ಎಂದು ಅವಳು ನಕ್ಕಳು.

ಬಸ್ಸಿಗೆ ಕಾಯುವಾಗ ಹೇಳಿದಳು. ಕಾಫಿ, ಬೆಣ್ಣೆ, ತನ್ನ ಮೈಬೆವರು, ಯಾವುದರ ವಾಸನೆಯೂ ಇಲ್ಲ. ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಾಲಿಗೆಗೆ ಸಿಹಿ ಸಿಹಿ ಅನ್ನಿಸುತ್ತದೆ, ಉಪ್ಪು ಉಪ್ಪು ಅನ್ನಿಸುತ್ತದೆ, ಮೆಣಸು ಚುರುಕ್ ಎನ್ನುತ್ತದೆ. ಅದರಾಚೆ ಎಲ್ಲವೂ ಒಂದೇ, ಒದ್ದೆ ರಟ್ಟು.

"ಮೇಸ್ತ್ರಿಗೆ ಹೇಳು. ಪ್ಯಾಕಿಂಗ್‌ಗೆ ಹಾಕ್ತಾರೆ, ನನ್ನ ಪಕ್ಕ ಕೂತ್ಕೊ," ಎಂದೆ.

"ಮೂಗಿನಕ್ಕನ ಮೂಗೇ ಹೋದ್ರೆ ಇನ್ನೇನು ಉಳೀತು ಹುಳು, ಬರೀ ಅಕ್ಕ. ಇನ್ನೆರಡು ವರ್ಷ ಇದೆ ನಿವೃತ್ತಿಗೆ. ತಳ್ಳಿಬಿಡೋಣ."

ತಳ್ಳಿದೆವು. ಮಂಡಿನೋವಿಗೆ ಬೆಚ್ಚಗಿರಬೇಕು ಎಂದು ಹೇಳಿ ನನ್ನ ಮೇಜನ್ನು ಓವನ್‌ಗಳ ಹತ್ತಿರಕ್ಕೆ ತಂದುಕೊಂಡೆ. ಮೂರನೇದು ಪರಿಮಳ ಬಿಟ್ಟರೆ ಅಂಟುಪಟ್ಟಿಯ ಸುರುಳಿಯನ್ನು ಮೇಜಿಗೆ ಮೂರು ಸಲ ಕುಟ್ಟುತ್ತಿದ್ದೆ. ಅವಳು ತಲೆ ಎತ್ತದೆ, "ಮೂರನೇದು ತೆಗೀರಿ," ಎನ್ನುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ. ಕ್ರಮೇಣ ಅವಳು ಕಿವಿಯಿಂದಲೂ ಕೆಲಸ ಮಾಡಲು ಕಲಿತಳು. ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಆ ಸದ್ದಿನಲ್ಲೇ ಎಷ್ಟು ಬೆಂದಿದೆ ಎಂದು ಹೇಳುತ್ತಿದ್ದಳು. ಒಲೆಯ ಉರಿ ಒಂದು ಸುತ್ತು ಕಡಿಮೆಯಾದರೆ ಬೆನ್ನ ಹಿಂದಿನಿಂದಲೇ ತಿಳಿಯುತ್ತಿತ್ತು. "ನಿನ್ನ ಮೊಣಕಾಲು ಇವತ್ತು ಎಡಗಡೇದು ಲಟಕ್ ಅಂತಿದೆ, ಎಣ್ಣೆ ಹಚ್ಚು," ಎಂದು ನನಗೆ ಹೇಳಿದ್ದುಂಟು. ನನಗೂ ಆ ದಿನಗಳು ಇಷ್ಟವಾಗುತ್ತಿದ್ದವು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಪ್ಪತ್ತು ವರ್ಷ ಡಬ್ಬಿಗೆ ಅಂಟುಪಟ್ಟಿ ಹಚ್ಚಿದವಳು ನಾನು. ಮೊದಲ ಸಲ ನಾನಿಲ್ಲದೆ ಒಬ್ಬರ ಕೆಲಸ ನಡೆಯುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಹೀಗೆ ನಡೆಯಿತು. ಮನೆಯಲ್ಲಿ ಅವಳ ಜೊತೆಗಿದ್ದದ್ದು ಅವಳ ಅಕ್ಕ. ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಅವಳು ದೊಡ್ಡಕ್ಕ ಎನ್ನುತ್ತಿದ್ದಳು, ನಾನೂ ಹಾಗೇ ಕರೆಯುತ್ತಿದ್ದೆ. ಸಾಲು ತಪ್ಪಿದರೆ ಇಡೀ ಹಾಳೆ ಕಿತ್ತು ಹೊಸದಾಗಿ ಹೊಡೆಯುವ ಜಾತಿಯ ಹೆಂಗಸು. ಇಬ್ಬರೂ ಮದುವೆಯಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಉದ್ದನೆಯ ಕಿರಿದಾದ ಅಡುಗೆಮನೆ. ಅಲ್ಲಿ ಅವರ ತಾಯಿಯ ಕಾಲದ ಗ್ಯಾಸ್ ಓವನ್. ಅದರ ಗುಂಡಿ ಸಡಿಲವಾಗಿತ್ತು, ಉರಿಯನ್ನು ತೀರ ಸಣ್ಣ ಮಾಡಿದರೆ ತಾನಾಗಿಯೇ ಆರುತ್ತಿತ್ತು. ಅದನ್ನು ಗುಜರಿಗೆ ಹಾಕು ಎಂದು ದೊಡ್ಡಕ್ಕ ಹತ್ತು ವರ್ಷದಿಂದ ಹೇಳುತ್ತಿದ್ದರು.

ಬೇಸಿಗೆಯಲ್ಲಿ ಒಂದು ದಿನ ಹಾಲು ಉಕ್ಕಿ ಒಲೆ ಆರಿತು. ತಂಗಿ ಅಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಹೊರಗಿನಿಂದ ಬಂದ ದೊಡ್ಡಕ್ಕನಿಗೆ ಎರಡನೇ ಮಹಡಿಯ ಮೆಟ್ಟಿಲಲ್ಲೇ ಗ್ಯಾಸ್ ವಾಸನೆ ಬಂದಿತ್ತು. ಓಡಿಬಂದು ಕಿಟಕಿ ತೆರೆದು, "ನಿನ್ನ ಮೂಗಿಗೆ ಏನಾಗಿದೆ?" ಎಂದು ಕೇಳಿದರು.

"ಶೀತ."

"ಈ ಬಿಸಿಲಲ್ಲಿ?"

"ಬಿಸಿಲಿಗೇ ಆಗಿದ್ದು."

ಅಂದಿನಿಂದ ಅವಳೊಂದು ನಿಯಮ ಮಾಡಿಕೊಂಡಳು. ಒಬ್ಬಳೇ ಇದ್ದಾಗ ಬೆಂಕಿ ಹಚ್ಚುವುದಿಲ್ಲ, ಹಸಿದರೂ ತಣ್ಣಗಿನದು ತಿನ್ನುವುದು. ಯಾರಾದರೂ ಇದ್ದರೆ ಮೊದಲು ಅವರ ಮೂಗು ಕೇಳುವುದು. ಅಕ್ಕನಿದ್ದರೆ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ ದೊಡ್ಡಕ್ಕ?" ಎಂದು ಸುಮ್ಮನೆ ಕೆಣಕುತ್ತಿದ್ದಳು. ದೊಡ್ಡಕ್ಕ ನಾಲ್ಕು ಸಲ ಮೂಸಿ, "ಏನೂ ಇಲ್ಲ, ನಿಂಗೆ ಭ್ರಮೆ," ಎಂದರೆ, ಆಗ ಕಡ್ಡಿ ಗೀರುತ್ತಿದ್ದಳು. ನಾನಿದ್ದರೆ ನೇರವಾಗಿ, "ಏನಾದ್ರೂ ಇದೆಯಾ?" ನಾನು, "ಏನಿಲ್ಲ." ಆಮೇಲೆ ಕಡ್ಡಿ. ನೂರು ಸಲ ಹೀಗೆ ಹೇಳಿರಬಹುದು. ಅಕ್ಕನಿಗೆ ಹೇಳಿಬಿಡು ಎಂದು ಅಷ್ಟೇ ಸಲ ಹೇಳಿದ್ದೇನೆ.

"ಹೇಳಿದ ದಿನವೇ ಅಡುಗೆಮನೆಗೆ ಬೀಗ ಹಾಕ್ತಾಳೆ. ಮಾರನೇ ದಿನ ಮೇಸ್ತ್ರಿಗೆ ಪತ್ರ ಟೈಪ್ ಮಾಡ್ತಾಳೆ, ಮೂರು ಪ್ರತಿ. ಅವಳ ಹುಟ್ಟುಹಬ್ಬ ಮುಗೀಲಿ, ಹೇಳ್ತೀನಿ."

ದೊಡ್ಡಕ್ಕನಿಗೆ ಎಪ್ಪತ್ತು ತುಂಬುವುದರಲ್ಲಿತ್ತು. ಹನ್ನೆರಡು ಜನ ಬರುವವರಿದ್ದರು. ಕೇಕು ಬೇಡವೆಂದು ದೊಡ್ಡಕ್ಕ ಮೊದಲೇ ಅಪ್ಪಣೆ ಮಾಡಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದ ಸಿಹಿ ಬಿಸ್ಕತ್ತನ್ನೇ ಬೇಯಿಸಿದ ಮೂಗಿನಕ್ಕ, ಆಗ ಉಪ್ಪಿನದೊಂದು ಹೊಸದಾಗಿ ಮಾಡುತ್ತೇನೆಂದು ಹೊರಟಳು. ಬೆಣ್ಣೆ, ಚೀಸ್ ಹಾಕಿ ಕಲಸಿದ ಹಿಟ್ಟು, ಅದರೊಳಗೆ ಸಣ್ಣಗೆ ಹೆಚ್ಚಿ ಕೆಂಪಗೆ ಹುರಿದ ಈರುಳ್ಳಿ, ಜಜ್ಜಿದ ಕಾಳುಮೆಣಸು, ಮೇಲೆ ಎಳ್ಳು. ಬೆರಳಿಗೆ ಹಾಕಿಕೊಳ್ಳುವಷ್ಟು ಉಂಗುರ. ಊಟಕ್ಕೆ ಮುಂಚೆ ಮಾತಾಡುತ್ತಾ ಬಾಯಿಗೆ ಹಾಕಿಕೊಳ್ಳುವಂಥದ್ದು. ಬಸ್ಸಿನ ಟಿಕೆಟ್ಟಿನ ಹಿಂದೆ ಅದರ ಚಿತ್ರ ಬರೆದು ತೋರಿಸಿದಳು.

"ಯಾಕೆ ಇದೇ ಗೊತ್ತಾ? ಉಪ್ಪು ನಂಗೆ ಗೊತ್ತಾಗುತ್ತೆ. ಮೆಣಸು ಗೊತ್ತಾಗುತ್ತೆ. ಕುರುಕುಲು ಕಿವಿಗೆ ಕೇಳುತ್ತೆ. ಇದನ್ನ ನಾನು ತಿಂದು ನೋಡಿ ಮಾಡ್ಬಹುದು, ಹುಳು. ಸೀದಿದೆಯಾ ಅಂತ ನೋಡೋಕೆ ಮಾತ್ರ ನೀನು ಬಾ."

ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ, ಶನಿವಾರ ಬೆಳಿಗ್ಗೆ, ಮಾಡಿ ನೋಡುವುದೆಂದಾಯಿತು. ದೊಡ್ಡಕ್ಕ ಹಳೆಯ ಸಹೋದ್ಯೋಗಿಯೊಬ್ಬರನ್ನು ಕರೆಯಲು ಹೋಗುವವರಿದ್ದರು. ಮನೆ ಖಾಲಿ ಸಿಗುವುದು ಅದೊಂದೇ ಬೆಳಿಗ್ಗೆ.

ಶುಕ್ರವಾರ ಸಂಜೆಯೇ ನನಗೆ ಮೂಗು ಸೋರಲು ಶುರುವಾಗಿತ್ತು. ಮಾತ್ರೆ ನುಂಗಿದೆ, ಬಿಸಿನೀರಿನ ಹಬೆ ತೆಗೆದುಕೊಂಡೆ. ಬೆಳಿಗ್ಗೆ ಎದ್ದಾಗ ಎರಡೂ ಕಡೆ ಕಟ್ಟಿತ್ತು. ಆಮೇಲೆ ಬಲಗಡೆ ಸ್ವಲ್ಪ ಬಿಟ್ಟ ಹಾಗೆ ಅನ್ನಿಸಿತು. ಕಾಫಿಪುಡಿಯ ಡಬ್ಬಿಗೆ ಮುಖವಿಟ್ಟು ನೋಡಿದೆ. ವಾಸನೆ ಬಂದಿತೋ, ಬರಬೇಕೆಂದು ನಾನೇ ನೆನಪಿಸಿಕೊಂಡೆನೋ, ಈಗ ಹೇಳಲಾರೆ. ಅಷ್ಟರಲ್ಲಿ ದೊಡ್ಡಕ್ಕನ ಫೋನ್ ಬಂತು. ಬುಧವಾರಕ್ಕೆ ನಮ್ಮ ಮನೆಯಿಂದ ನಾಲ್ಕು ಕುರ್ಚಿ ಸಿಗಬಹುದೇ ಎಂದು ಕೇಳಿದರು. ಸಿಗುತ್ತದೆ ಎಂದೆ. ಹೊರಟೆ.

ಬಾಗಿಲು ತೆರೆದವಳ ಮೊಣಕೈವರೆಗೆ ಹಿಟ್ಟಿತ್ತು. ಅಷ್ಟು ಖುಷಿಯಲ್ಲಿ ಅವಳನ್ನು ಜ್ವರದ ನಂತರ ನೋಡಿರಲಿಲ್ಲ. ಹೊಸ ಎಪ್ರನ್ ಕಟ್ಟಿದ್ದಳು. ಹಿಟ್ಟು ಒಣಗದಿರಲೆಂದು, ಗಾಳಿಗೆ ಉರಿ ಅಲುಗದಿರಲೆಂದು ಕಿಟಕಿ ಮುಚ್ಚಿದ್ದಳು.

"ಬಂದ್ಯಾ ತಾಯಿ, ಎರವಲು ಮೂಗು? ಚಪ್ಪಲಿ ಬಿಟ್ಟು ಬಾ, ಮೂಗು ಬಿಟ್ಟು ಬರಬೇಡ."

ಹೇಳಬೇಕಿದ್ದದ್ದು ಆಗ. ಶೀತವಾಗಿದೆ, ನಾಳೆ ನೋಡೋಣ ಎಂದು ನಾಲ್ಕು ಮಾತು. ಮೇಜಿನ ಮೇಲೆ ಉಂಗುರಗಳು ಸಾಲಾಗಿ ಕೂತಿದ್ದವು. ನಾನು ನಕ್ಕೆ.

"ಏನಾದ್ರೂ ಇದೆಯಾ?"

"ಏನಿಲ್ಲ."

ಆ ಮೊದಲ ಸಲ ನಿಜವಾಗಿಯೂ ಏನೂ ಇರಲಿಲ್ಲ. ಕಡ್ಡಿ ಗೀರಿದಳು, ಓವನ್ ಬುಗ್ಗೆಂದು ಹತ್ತಿಕೊಂಡಿತು, ಮೊದಲ ಟ್ರೇ ಒಳಗೆ ಹೋಯಿತು. ಅವಳು ಓವನ್ ಬಾಗಿಲ ಗಾಜಿನಲ್ಲಿ ಬಣ್ಣ ನೋಡುತ್ತಾ, ನಡುನಡುವೆ ನನ್ನ ಮುಖ ನೋಡುತ್ತಾ ಇದ್ದಳು. ಕಾರ್ಖಾನೆಯಲ್ಲಿ ಮಾಡುವ ಹಾಗೆ ಮೇಜು ಕುಟ್ಟಲಿ ಎಂದು ಕಾಯುತ್ತಿದ್ದಳು. ನನ್ನ ಮೂಗಿಗೆ ಏನೂ ಬರುತ್ತಿರಲಿಲ್ಲ. ಗಡಿಯಾರ ನೋಡಿ, ಅಂದಾಜಿನ ಮೇಲೆ ಒಂದು ಸಲ ಕುಟ್ಟಿದೆ. ಅವಳು ತೆಗೆದಳು. ಮೇಲಿನ ಬಣ್ಣ ಚೆನ್ನಾಗಿತ್ತು. ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್ ಎಂದಿತು. ಕಣ್ಣು ಮುಚ್ಚಿಕೊಂಡು ಅದನ್ನು ಅಗಿದಳು, ಇನ್ನೊಂದನ್ನು ನನ್ನ ಬಾಯಿಗೆ ಹಾಕಿದಳು.

ಉಪ್ಪು. ಮೆಣಸಿನ ಚುರುಕು. ಹಲ್ಲಿನ ನಡುವೆ ಕುರುಕುಲು. ಅದರಾಚೆ ಒದ್ದೆ ರಟ್ಟು. ಬೆಣ್ಣೆ ಇಲ್ಲ, ಈರುಳ್ಳಿ ಇಲ್ಲ. ಎಂಟು ತಿಂಗಳಿಂದ ಅವಳು ಏನು ತಿನ್ನುತ್ತಿದ್ದಳೋ ಅದನ್ನೇ ನಾನೂ ತಿನ್ನುತ್ತಿದ್ದೆ.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ಇಷ್ಟು ಪುಸ್ತಕ ಓದ್ತೀಯ, ಬಾಯಿಗೆ ಬರೋದು ಒಂದೇ ಮಾತಾ?"

"ಈರುಳ್ಳಿ ಘಮ ಚೆನ್ನಾಗಿ ಬಂದಿದೆ," ಎಂದೆ.

ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಮೊದಲ ಟ್ರೇಯನ್ನು ತಳ ನೋಡದೆ ಹಾಗೇ ಒಂದು ತಗಡಿನ ಡಬ್ಬಿಗೆ ಸುರಿದು ಹಾಲ್‌ನಲ್ಲಿ ಇಟ್ಟು ಬಂದಳು. ಎರಡನೇ ಟ್ರೇಯನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಿ ನೋಡುತ್ತೇನೆ ಎಂದು ಗುಂಡಿ ತಿರುಗಿಸಿದಳು. ನಾವಿಬ್ಬರೂ ಮೇಜಿಗೆ ಕೂತು ಮೂರನೆಯದಕ್ಕೆ ಉಂಗುರ ಸುತ್ತತೊಡಗಿದೆವು. ಬರುವ ಹನ್ನೆರಡು ಜನರಲ್ಲಿ ಯಾರು ಎಷ್ಟು ತಿನ್ನುತ್ತಾರೆ ಎಂದು ಲೆಕ್ಕ ಹಾಕಿ ನಗುತ್ತಿದ್ದಳು. ನ್ಯಾಯಾಲಯದ ಹಳೆಯ ಗುಮಾಸ್ತರೊಬ್ಬರು ತಟ್ಟೆಯನ್ನೇ ಜೇಬಿಗೆ ಹಾಕಿಕೊಂಡು ಹೋಗುವವರಂತೆ. ಹತ್ತು ನಿಮಿಷ ಕಳೆದಿರಬಹುದು. ಮಾತಿನ ನಡುವೆ ಅವಳು ಕೈ ಎತ್ತಿದಳು.

"ಸದ್ದಿಲ್ಲ," ಎಂದಳು.

ಬಗ್ಗಿ ನೋಡಿದಳು. ಓವನ್ ಒಳಗೆ ಕತ್ತಲಿತ್ತು. ಗುಂಡಿ ತೆರೆದೇ ಇತ್ತು. ಅದನ್ನು ಮುಚ್ಚಿದಳು. ಬಾಗಿಲು ತೆರೆದು ಕೈಯಿಂದ ಗಾಳಿ ಬೀಸಿದಳು.

"ಈಗಷ್ಟೇ ಆರಿದೆ ಅನ್ಸುತ್ತೆ. ಏನಾದ್ರೂ ಇದೆಯಾ?"

ನಾನು ಮೂಸಿದೆ. ನಿಜವಾಗಿ ಮೂಸಿದೆ, ಎರಡು ಸಲ. ಏನೂ ಬರಲಿಲ್ಲ. ಏನೂ ಬರುವುದಿಲ್ಲವೆಂದು ಇಪ್ಪತ್ತು ನಿಮಿಷ ಮುಂಚೆಯೇ ನನ್ನ ಬಾಯಿ ನನಗೆ ಹೇಳಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಕಿಟಕಿ ತೆಗಿ ಎನ್ನಬಹುದಿತ್ತು. ಹಾಗೆಂದರೆ ಈರುಳ್ಳಿಯ ಘಮ ಸುಳ್ಳಾಗುತ್ತಿತ್ತು.

ಅವಳು ಕಡ್ಡಿಪೆಟ್ಟಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಏನಿಲ್ಲ," ಎಂದೆ.

"ಹಾಗಾದ್ರೆ ಆ ನೀಲಿ ಅಂಚಿನ ತಟ್ಟೆ ತಗೊಂಡು ಬಾ. ಅದ್ರಲ್ಲಿ ಜೋಡಿಸಿದ್ರೆ ಹೇಗೆ ಕಾಣುತ್ತೆ ನೋಡೋಣ. ಬೀರುವಿನ ಮೇಲಿನ ಅರೆಯಲ್ಲಿದೆ."

ಹಾಲ್‌ಗೆ ಹೋದೆ. ಬೀರುವಿನ ಬಾಗಿಲು ತೆಗೆದೆ. ಶಬ್ದ ದೊಡ್ಡದೇನಲ್ಲ. ದಪ್ಪ ಕಂಬಳಿಯನ್ನು ಯಾರೋ ಒಂದು ಸಲ ಜೋರಾಗಿ ಜಾಡಿಸಿದ ಹಾಗೆ. ಬೀರುವಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅದು ನಿಲ್ಲುವವರೆಗೂ ಅವಳು ಕೂಗಲಿಲ್ಲ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಮೂರನೆಯ ದಿನ ಮಾತಾಡುವಷ್ಟು ಎಚ್ಚರವಾದಾಗ ದೊಡ್ಡಕ್ಕನನ್ನು ಹತ್ತಿರ ಕರೆದಳು. ನಾನು ಮಂಚದ ಕಾಲುದೆಸೆಯಲ್ಲಿ ನಿಂತಿದ್ದೆ.

"ದೊಡ್ಡಕ್ಕ, ಬೈಬೇಡ. ವಾಸನೆ ಹೋಗಿ ಎಂಟು ತಿಂಗಳಾಯ್ತು."

ದೊಡ್ಡಕ್ಕ ಹೊದಿಕೆಯ ಅಂಚು ಸರಿಮಾಡಿದರು. "ಹುರುಳಿಕಾಯಿ ಬಿಡಿಸ್ತಿದ್ದ ಆ ದಿನಾನೂ ಹೀಗೇ ಇತ್ತಾ?" ಎಂದು ಕೇಳಿದರು.

"ಹೂಂ. ಇವಳಿಗೆ ಏನೂ ಗೊತ್ತಿಲ್ಲ. ಹಾಲ್‌ನಲ್ಲಿದ್ಲು. ಇವಳನ್ನ ಕೇಳದೇನೇ ಹಚ್ಚಿಬಿಟ್ಟೆ."

ಹೇಳಿ ನನ್ನ ಕಡೆ ಕಣ್ಣು ತಿರುಗಿಸಿದಳು. ಮುಖದಲ್ಲಿ ಬ್ಯಾಂಡೇಜು ಇಲ್ಲದ ಜಾಗ ಕಣ್ಣು, ಬಾಯಿ ಮಾತ್ರ. ನಾನು ಬಾಯಿ ತೆರೆಯಲಿಲ್ಲ. ನಾಲ್ಕನೆಯ ದಿನ ದೊಡ್ಡಕ್ಕನಿಗೆ ಎಪ್ಪತ್ತು ತುಂಬಿತು. ವಿಷಯ ತಿಳಿಯದ ಇಬ್ಬರು ಮನೆಗೆ ಹೋಗಿ, ಪಕ್ಕದವರಿಂದ ತಿಳಿದು, ಕೈಯಲ್ಲಿ ಉಡುಗೊರೆ ಹಿಡಿದೇ ಆಸ್ಪತ್ರೆಗೆ ಬಂದರು. ಐದು ದಿನದ ಮೇಲೆ ಅವಳು ತೀರಿಕೊಂಡಳು.

ಮೂರು ವಾರ ನಾನು ಆ ಮನೆಗೆ ಹೋಗಲಿಲ್ಲ. ಶೀತ ಎಂದೋ ಬಿಟ್ಟಿತ್ತು. ಎಲ್ಲದರ ವಾಸನೆ ಬರುತ್ತಿತ್ತು, ಬೇಡದಷ್ಟು. ಕಾರ್ಖಾನೆಯಲ್ಲಿ ಮೂರನೇ ಓವನ್ ಪರಿಮಳ ಬಿಟ್ಟರೆ ಕೈ ತಾನಾಗಿ ಅಂಟುಪಟ್ಟಿಯನ್ನು ಕುಟ್ಟಿಬಿಡುತ್ತಿತ್ತು. ಅವಳ ಜಾಗದಲ್ಲಿ ಬಂದ ಹೊಸ ಹೆಂಗಸು ತಿರುಗಿ ನೋಡುತ್ತಿದ್ದಳು. ಕೊನೆಗೆ ಒಂದು ಭಾನುವಾರ ಮೆಟ್ಟಿಲು ಹತ್ತಿದೆ.

ಅಡುಗೆಮನೆಗೆ ಸುಣ್ಣ ಬಳಿದಾಗಿತ್ತು. ಓವನ್ ಇದ್ದ ಕಡೆ ನೆಲದಲ್ಲಿ ನಾಲ್ಕು ಗುರುತು ಮಾತ್ರ. ಕರೆಂಟಿನ ಒಲೆಯ ಮೇಲೆ ದೊಡ್ಡಕ್ಕ ಚಹಾ ಇಟ್ಟರು. ಆಮೇಲೆ ಹಾಲ್‌ನಿಂದ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು.

"ದಿನಕ್ಕೊಂದು ತಿಂತಿದ್ದೀನಿ. ಇನ್ನು ಆರಿವೆ. ತಗೋ."

ಮುಚ್ಚಳ ತೆಗೆದೆ. ಬೆಣ್ಣೆ, ಈರುಳ್ಳಿ, ಮೆಣಸು. ಅವೆಲ್ಲಕ್ಕಿಂತ ಮುಂದೆ ಬಂದದ್ದು ಸೀದ ವಾಸನೆ. ಒಂದನ್ನು ತಿರುಗಿಸಿ ನೋಡಿದೆ. ತಳ ಕಂದಿ ಕಪ್ಪಾಗತೊಡಗಿತ್ತು. ಸೀದಿದೆಯಾ ಎಂದು ನೋಡುವುದಕ್ಕೆ ತಾನೇ ಅವಳು ನನ್ನನ್ನು ಕರೆದದ್ದು.

"ದೊಡ್ಡಕ್ಕ, ಅವಳು ಕೇಳದೇನೇ ಹಚ್ಚಲಿಲ್ಲ," ಎಂದೆ. "ಕೇಳಿದ್ಲು. ನಾನು ಏನಿಲ್ಲ ಅಂದೆ. ನಂಗೆ ಮೂಗು ಕಟ್ಟಿತ್ತು. ನಂಗೆ ಅದು ಗೊತ್ತಿತ್ತು."

ಅವರು ಚಹಾ ಸೋಸುತ್ತಿದ್ದರು. ಸೋಸಿ ಮುಗಿಸಿದರು. ಎರಡು ಲೋಟವನ್ನೂ ತಂದು ಇಟ್ಟು ಕೂತರು.

"ನಿಂಗೆ ಮೂಗು ಕಟ್ಟಿದ್ದು ನಂಗೂ ಗೊತ್ತಿತ್ತು. ಅವತ್ತು ಕುರ್ಚಿ ಕೇಳೋಕೆ ಫೋನ್ ಮಾಡಿದ್ನಲ್ಲ. ಒಂದೇ ಮಾತಲ್ಲಿ ತಿಳೀತು. ಮೂಗಲ್ಲಿ ಹತ್ತಿ ತುರುಕಿದ ಹಾಗೆ ಮಾತಾಡ್ತಿದ್ದೆ. ಶೀತ ಆಗಿದೆ, ಮನೇಲಿರು ಅಂತ ಹೇಳೋಣ ಅಂದ್ಕೊಂಡೆ. ಮರ್ತೆ." ಲೋಟ ತಿರುಗಿಸಿದರು. "ನನ್ನ ಮನೇಲಿ ಬೆಂಕಿ ಹಚ್ಚೋಕೆ ನಿನ್ನ ಮೂಗು ಬೇಕಾಗಿತ್ತು ಅಂತ ನಂಗೆ ಯಾರು ಹೇಳಿದ್ರು?"

ನಾನು ಹೇಳಬಹುದಿತ್ತು, ಎಂಟು ತಿಂಗಳು.

ದೊಡ್ಡಕ್ಕನಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಅವರಿಗೇ, ಅದೂ ಫೋನಿನಲ್ಲಿ, ಒಂದೇ ಮಾತಿಗೆ ತಿಳಿಯಿತು. ಮೂಗಿನಕ್ಕ ಎಂಟು ತಿಂಗಳಿಂದ ಕಿವಿಯಿಂದಲೇ ಬದುಕಿದ್ದಳು. ನನ್ನ ಮೊಣಕಾಲಿನ ಸದ್ದು ಅವಳಿಗೆ ಕೇಳುತ್ತಿತ್ತು, ಆರಿದ ಉರಿಯ ಮೌನ ಕೇಳಿತ್ತು. ಆ ಬೆಳಿಗ್ಗೆ ಒಂದು ಗಂಟೆ ಹೊತ್ತು ನನ್ನ ಎದುರು ಕೂತು ನನ್ನ ಮಾತು ಕೇಳಿದ್ದಳು. ಕಡ್ಡಿಪೆಟ್ಟಿಗೆ ಹಿಡಿದು ನನ್ನನ್ನು ಅಷ್ಟು ಹೊತ್ತು ಯಾಕೆ ನೋಡಿದಳು, ಆಮೇಲೆ ನನ್ನನ್ನು ತಟ್ಟೆ ತರಲು ಯಾಕೆ ಕಳಿಸಿದಳು ಎಂದು ಯೋಚಿಸುತ್ತೇನೆ. ಅವಳಿಗೆ ತಿಳಿದಿರಲಿಲ್ಲ ಎಂದುಕೊಂಡ ದಿನ ಸ್ವಲ್ಪ ನಿದ್ದೆ ಬರುತ್ತದೆ.

ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಮುರಿದೆ. ಕಟ್ ಎಂದಿತು. ಅರ್ಧ ನಾನು ತಿಂದೆ, ಅರ್ಧ ದೊಡ್ಡಕ್ಕ ತಿಂದರು. ಸೀದದ್ದರ ಬಗ್ಗೆ ಅವರು ಏನೂ ಹೇಳಲಿಲ್ಲ.

"ಉಪ್ಪು ಒಂದು ಚೂರು ಜಾಸ್ತಿ," ಎಂದರು. "ಮುಚ್ಚಳ ಹಾಕು, ಮೆತ್ತಗಾಗುತ್ತೆ."